ನಮ್ಮೂರಿಗೆ ಬಾರದ ಕುದುರೆಗಳು

ಯಾರಿಗೇ ನೀರು ಕೊಡಲಿ, ನನ್ನ ಕೈ ತಾನಾಗಿ ಮೇಲೆ ಹೋಗುತ್ತದೆ. ಲೋಟ ಎಲ್ಲೇ ಇರಲಿ, ಚರಗಿಯನ್ನು ಎದೆಮಟ್ಟ ಎತ್ತಿ ಅಲ್ಲಿಂದ ಸಣ್ಣ ಧಾರೆ ಬಿಡುತ್ತೇನೆ. ಒಂದು ಹನಿ ಆಚೀಚೆ ಬೀಳುವುದಿಲ್ಲ. "ಅತ್ತೀ, ಲೋಟೇನ್ ಎದ್ದು ಓಡಿ ಹೋಗೂದಿಲ್ರಿ, ಕೈ ಒಂಚೂರು ಕೆಳಗ ತರ್ರಿ" ಎಂದು ಸೊಸೆ ನಗುತ್ತಾಳೆ. ಬಂದ ಬೀಗರು ಬೆರಗಾಗಿ ನೋಡುತ್ತಾರೆ. ನಾನೂ ಒಳಗೊಳಗೇ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ? ಜೀವಮಾನವೆಲ್ಲ ಕನ್ನಡ ಸಾಲಿಯಲ್ಲಿ ಕಲಿಸಿದವಳಿಗೆ ಮನೆಗೆಲಸದ ವಿದ್ಯೆ ಒಂದೂ ನೆಟ್ಟಗೆ ಹತ್ತಲಿಲ್ಲ. ನಾನು ಬಡಿದ ರೊಟ್ಟಿ ಭಾರತದ ನಕಾಶೆ ಆಗುತ್ತದೆ. ರಂಗೋಲಿ ಹಾಕಿದರೆ ಕೋಳಿ ಕೆದರಿದ ಹಾಗಿರುತ್ತದೆ. ನೀರು ಹೊಯ್ಯುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಹಾನಗಲ್ಲ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ಈ ವಿದ್ಯೆ ಎಲ್ಲಿಂದ ಬಂತು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ನಾಗವ್ವ ಮನೆಗೆ ಬರುವ ತನಕ ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ನಾಗವ್ವನ ಮಾತಿಗೆ ಬರುವ ಮೊದಲು ನಮ್ಮೂರಿನ ಸಂಕಟವೊಂದನ್ನು ಹೇಳಬೇಕು. ನಮ್ಮೂರಿಗೆ ಇತಿಹಾಸ ಇಲ್ಲ. ನಗಬೇಡಿರಿ, ಇದು ಸಣ್ಣ ಸಂಕಟವಲ್ಲ. ಆಡೂರಿಗೆ ಹೋದರೆ ಶಾಸನಗಳಿವೆ, ದೂರದೂರದಿಂದ ಓದಿದವರು ಬಂದು ಕಲ್ಲಿನ ಮುಂದೆ ಮಂಡಿಯೂರಿ ಕೂಡುತ್ತಾರೆ. ಹಾನಗಲ್ಲಿನ ಗುಡಿಯ ಕಂಬ ನೋಡಿದವರು ತಿಂಗಳುಗಟ್ಟಲೆ ಅದನ್ನೇ ಮಾತಾಡುತ್ತಾರೆ. ಸವಣೂರಿಗೆ ನವಾಬರಿದ್ದರು, ಹತ್ತು ಮಂದಿ ಕೈ ಕೈ ಹಿಡಿದು ಸುತ್ತುವರಿಯಬೇಕಾದ ಹುಣಸೆಮರಗಳಿವೆ, ಮೇಲೆ ಪೊಟ್ಟಣ ಕಟ್ಟಿಸಿಕೊಂಡು ಹೋಗುವ ಖಾರವೂ ಇದೆ. ಹಿರೇಕೆರೂರಿನ ಬೀಗರು ಬಂದರೆ ಮಾಸೂರಿನ ಮದಗದ ಕೆರೆಯ ವರ್ಣನೆ ಮುಗಿಯುವುದರೊಳಗೆ ಚಹಾ ಆರಿ ತಣ್ಣಗಾಗಿರುತ್ತದೆ. ಅಷ್ಟೇ ಏಕೆ, ಶಿಗ್ಗಾವಿಯ ಕಡೆಯ ಗೊಟಗೋಡಿಯವರು ಸಿಮೆಂಟಿನ ಜನ, ಸಿಮೆಂಟಿನ ದನ ನಿಲ್ಲಿಸಿಕೊಂಡು ಬಸ್ಸುಗಟ್ಟಲೆ ಮಂದಿಯನ್ನು ಕರೆಸಿಕೊಳ್ಳುತ್ತಾರೆ. ನಮ್ಮೂರಿನಲ್ಲಿ ಏನಿದೆ? ಊರಬಾಗಿಲಿನ ಅಗಸಿ ಬಿದ್ದು ಉಳಿದ ಒಂದು ಮಗ್ಗಲಿನ ಗೋಡೆ, ಅದರ ಪಕ್ಕ ಒಂದು ಬಾವಿ, ಬಾವಿಯ ಕೆಳಗೆ ಒಂದು ಕಲ್ಲು.

ನಮ್ಮ ಸಾಲಿಗೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆ ತರಬೇಕೆಂದಾಯಿತು. ಹೆಡ್ ಮಾಸ್ತರರು ನನ್ನನ್ನು ಕರೆದು "ಅಕ್ಕೋರ, ನಿಮ್ಮದು ಇದ ಊರು. ಊರಿನ ಇತಿಹಾಸ, ನೋಡೂವಂಥ ಜಾಗ, ಎಲ್ಲಾ ಕೂಡಿಸಿ ಎರಡು ಪುಟ ಬರದು ಕೊಡ್ರಿ" ಎಂದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಹಾಗೆ ಕರೆಸಿಕೊಳ್ಳಲು ಶುರುಮಾಡಿ ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ, ಆ ಹೆಸರಿಗೆ ತಕ್ಕ ಹಾಗೆ ಏನಾದರೂ ಮಾಡಿ ತೋರಿಸುವ ಹುರುಪಿತ್ತು. ಅರ್ಧ ಪುಟ ಬರೆಯುವಷ್ಟರಲ್ಲಿ ಅಗಸಿಯ ಗೋಡೆ ಮುಗಿದು ಹೋಯಿತು. ಆಮೇಲೆ ಆ ಕಲ್ಲು ನೆನಪಾಯಿತು.

ಆಳುದ್ದದ ಕರಿಕಲ್ಲು ಅದು. ಅದರ ಮೇಲೆ ಸಾಲಾಗಿ ಮೂರು ಕುಳಿಗಳಿವೆ, ದುಂಡಗೆ, ನುಣ್ಣಗೆ. ನಡುವಿನದು ಎಲ್ಲಕ್ಕಿಂತ ಆಳ. ನಾನು ಬರೆದೆ: "ಸವಣೂರಿನ ನವಾಬರ ದಂಡು ಹಾನಗಲ್ಲಿನ ಕಡೆಗೆ ಹೋಗುವಾಗ ನಮ್ಮೂರಿನಲ್ಲಿ ತಂಗುತ್ತಿತ್ತು. ಅವರ ಕುದುರೆಗಳಿಗೆ ನೀರು ಕುಡಿಸಲು ಕೊರೆಸಿದ ಕಲ್ಲೇ ಇದು." ಇಷ್ಟು ಬರೆದ ಮೇಲೆ ಲೇಖನಿ ನಿಲ್ಲಲಿಲ್ಲ. ಕುದುರೆಗಳ ಬಣ್ಣ ಬಂತು, ಗೊರಸಿನ ಸಪ್ಪಳ ಬಂತು, ಎದ್ದ ಧೂಳು ಬಂತು. ಎರಡು ಪುಟ ಕೇಳಿದವರಿಗೆ ನಾಲ್ಕು ಪುಟ ಕೊಟ್ಟೆ. ಹೆಡ್ ಮಾಸ್ತರರು ಕಣ್ಣಲ್ಲಿ ನೀರು ತಂದುಕೊಂಡು "ಭೇಷ್" ಎಂದರು.

ಆ ಕುಳಿಗಳು ಹೇಗಾದವೆಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಬರೆಯಲು ನಾಚಿಕೆಯಾಯಿತು, ಅದಕ್ಕೆ ಕುದುರೆ ತಂದು ಮುಚ್ಚಿದೆ.

ಅಚ್ಚಾದ ಮಾತಿಗೆ ಎಂಥ ಕಾಲುಗಳು ಮೂಡುತ್ತವೆ ನೋಡಿರಿ! ವರ್ಷ ಎರಡು ವರ್ಷದಲ್ಲಿ ಆ ಕಲ್ಲು ಕುದುರೆಗಲ್ಲಾಯಿತು. ಕಂಡಕ್ಟರ್ "ಕುದರಿಗಲ್ಲ ಇಳೀರಿ" ಎಂದು ಕೂಗತೊಡಗಿದ. ಲಗ್ನಪತ್ರಿಕೆಗಳಲ್ಲಿ "ಕುದುರೆಗಲ್ಲಿನ ಹತ್ತಿರ" ಎಂದು ವಿಳಾಸ ಬಂತು. ನಮ್ಮ ಓಣಿಯ ಹಿರಿಯರೊಬ್ಬರು, ತಮ್ಮ ಮುತ್ತ್ಯಾ ಅಲ್ಲಿ ನೆಲ ಅಗೆಯುವಾಗ ಕುದುರೆಯ ಲಾಳ ಸಿಕ್ಕಿತ್ತೆಂದು ನನಗೇ ಹೇಳಿದರು. ನಾನು ತಲೆ ಆಡಿಸಿದೆ. ಪ್ರತಿ ವರ್ಷ ಸಾಲಿ ಮಕ್ಕಳನ್ನು ಸಾಲಾಗಿ ಕರೆದೊಯ್ದು ಆ ಕಲ್ಲಿನ ಮುಂದೆ ನಿಲ್ಲಿಸಿ ಅದೇ ಪಾಠ ಹೇಳಿದೆ. ಹೇಳುತ್ತ ಹೇಳುತ್ತ ನನಗೂ ಅಷ್ಟಿಷ್ಟು ನಂಬಿಕೆ ಬಂದುಬಿಟ್ಟಿತ್ತು.

ಹೋದ ಬೇಸಿಗೆಯಲ್ಲಿ ಪಂಚಾಯ್ತಿಯವರು ತಮ್ಮ ಗೋಡೆಯ ಮೇಲೆ ಊರಿನ ಇತಿಹಾಸ ಬರೆಸಲು ಹೊರಟರು. ಅಧ್ಯಕ್ಷ ಫಕ್ಕೀರಪ್ಪ ನನ್ನ ಕೈಯಲ್ಲೇ ಅಕ್ಷರ ಕಲಿತವನು. ಹಳೆಯ ಸ್ಮರಣ ಸಂಚಿಕೆ ಹಿಡಿದುಕೊಂಡು ಬಂದು "ಅಕ್ಕೋರ, ನೀವು ಬರದದ್ದನ್ನ ಬರಸ್ತೇವ್ರಿ. ಕಲ್ಲಿನ ಮ್ಯಾಲ ಒಂದು ಕಟ್ಟಿ ಕಟ್ಟಿ, ಒಂದು ಸಿಮೆಂಟಿನ ಕುದುರಿ ನಿಂದ್ರಿಸಿ ಬಿಡೂದು. ನಮ್ಮೂರೂ ಒಂದು ಊರಾಗ್ಲಿ" ಎಂದ. ನನಗೆ ಸಂತೋಷವಾಯಿತು. ಗೋಡೆಯ ಅಕ್ಷರದಲ್ಲಿ ತಪ್ಪು ನುಸುಳದಂತೆ ನೋಡಿಕೊಳ್ಳುವ ಕೆಲಸವನ್ನೂ ನಾನೇ ಹಚ್ಚಿಕೊಂಡೆ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ನಾಗವ್ವ ಬಂದಳು.

ನಾಗವ್ವ ಕೆಳಗಿನ ಓಣಿಯವಳು. ನನ್ನ ವಾರಿಗೆಯವಳೇ. ಅವಳ ಮನೆಯವರೆಲ್ಲ ಬುದ್ಧನನ್ನು ನಂಬಿ ಬಹಳ ವರ್ಷವಾಯಿತು. ಗದ್ದೆಯಲ್ಲಿ ದುಡಿದು ದುಡಿದು ಬೆನ್ನು ತುಸು ಬಾಗಿದೆ, ಮಾತು ಬಾಗಿಲ್ಲ. ಅವಳು ನನಗೆ "ಬರ್ರಿ, ಹೋಗ್ರಿ" ಎನ್ನುತ್ತಾಳೆ. ನಾನು ಅವಳಿಗೆ "ಬಾ, ಹೋಗು" ಎನ್ನುತ್ತೇನೆ. ಹಿಂದಿನಿಂದಲೂ ಹಾಗೇ, ಯಾಕೆಂದು ನಾವಿಬ್ಬರೂ ಮಾತಾಡಿದ್ದಿಲ್ಲ.

"ಒಳಗ ಬಾ ನಾಗವ್ವ" ಎಂದೆ. "ಇರ್ಲಿ ತಗೋರಿ, ಇಲ್ಲೇ ತಂಪೈತಿ" ಎಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಬಿಸಿಲಲ್ಲಿ ಬಂದವಳು, ಒಳಗೆ ಹೋಗಿ ಚರಗಿ, ಲೋಟ ತಂದೆ. ಲೋಟ ಅವಳ ಕೈಗೆ ಕೊಟ್ಟೆ. ನನ್ನ ಕೈ ಎಂದಿನಂತೆ ಮೇಲೆ ಹೋಯಿತು. ಅವಳ ಕೈ ಲೋಟದ ಸಮೇತ ಕೆಳಗೆ ಇಳಿಯಿತು, ಕಟ್ಟೆಗಿಂತ ಕೆಳಗೆ, ನೆಲಕ್ಕೆ ಒಂದು ಗೇಣು ಇರುವ ಹಾಗೆ. ನಾನು ಹೊಯ್ದೆ. ಒಂದು ಹನಿಯೂ ಚೆಲ್ಲಲಿಲ್ಲ.

ನಾಗವ್ವ ಲೋಟ ಎತ್ತಲಿಲ್ಲ. ನೀರನ್ನೇ ನೋಡುತ್ತ "ಇನ್ನೂ ಅಷ್ಟ ಮ್ಯಾಲಿಂದ ಹೊಯ್ತೀರಲ್ರಿ ಅಕ್ಕೋರ" ಎಂದಳು.

ಯವ್ವಾ, ಆ ಮಾತಿಗೆ ನನ್ನ ಕೈ ಹಿಡಿದುಕೊಂಡ ಹಾಗಾಯಿತು. ಚರಗಿ ಕೆಳಗಿಡುವುದೂ ತಿಳಿಯಲಿಲ್ಲ.

ನನಗಾಗ ಒಂಬತ್ತೋ ಹತ್ತೋ ವರ್ಷ. ಊರಿಗೆಲ್ಲ ಅಗಸಿಯ ಬಾವಿಯ ನೀರೇ. ಕೆಳಗಿನ ಓಣಿಯವರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ, ಹಗ್ಗ ಮುಟ್ಟುವಂತಿರಲಿಲ್ಲ. ಅವರು ಕಟ್ಟೆಯ ಕೆಳಗಿನ ಆ ಕಲ್ಲಿನ ಮೇಲೆ ಕೊಡ ಇಟ್ಟು ನಿಲ್ಲಬೇಕು. ಮೇಲಿನವರು ಯಾರಾದರೂ ಸೇದಿ ಹೊಯ್ದರೆ ನೀರು, ಇಲ್ಲವಾದರೆ ಇಲ್ಲ. ದುಂಡು ತಳದ ಕೊಡ ಉರುಳದಿರಲಿ ಎಂದು ಅವರ ಹಿರಿಯರು ಯಾರೋ ಕಲ್ಲಿನಲ್ಲಿ ಮೂರು ಕಡೆ ಸ್ವಲ್ಪ ಸ್ವಲ್ಪ ಕೊರೆದಿದ್ದರಂತೆ. ಉಳಿದದ್ದನ್ನು ಕೊಡಗಳ ತಳವೇ ತಿಕ್ಕಿ ತಿಕ್ಕಿ ಕೊರೆಯಿತು. ಎಷ್ಟು ತಲೆಮಾರಿನ ಕೊಡಗಳೋ.

ನಮ್ಮವ್ವ ಮುಂಜಾನೆ ಆ ಕೆಲಸಕ್ಕೆ ನನ್ನನ್ನು ಹಚ್ಚಿದ್ದಳು. ಮನೆಯ ಆಳು ಸೇದಿಕೊಡುತ್ತಿದ್ದ, ಬಿಂದಿಗೆಯಿಂದ ಹೊಯ್ಯುವುದು ನನ್ನ ಪಾಳಿ. "ಅವ್ರ ಕೊಡಕ್ಕ ನಮ್ಮ ಬಿಂದಿಗಿ ತಾಕೀತು, ಹುಷಾರ್! ತಾಕಿದ್ರ ಹುಣಸಿಹಣ್ಣು ಹಚ್ಚಿ ನೀನ ತಿಕ್ಕಬೇಕು" ಎನ್ನುತ್ತಿದ್ದಳು. ತಿಕ್ಕುವ ಬೇಸರಕ್ಕೆ ನಾನು ಬಿಂದಿಗೆಯನ್ನು ಎತ್ತೆತ್ತಿ ಹಿಡಿದು ಧಾರೆ ಬಿಡುವುದನ್ನು ಕಲಿತೆ. ಕಲಿತ ಮೇಲೆ ಅದರಲ್ಲಿ ಗರ್ವ ಬಂತು. ನಾಗವ್ವನ ತಾಯಿ ದುರಗವ್ವ ಕೆಳಗೆ ನಿಂತು "ಏನ್ ಚಂದ ಹೊಯ್ತಿ ತಾಯಿ, ಒಂದ್ ಹನಿ ಹಾಳಾಗೂದಿಲ್ಲ" ಎನ್ನುತ್ತಿದ್ದಳು. ಹಾಳಾದರೆ ಹೋಗುವುದು ಅವಳ ಪಾಲಿನದು, ಅದಕ್ಕೇ ಹಾಗೆ ಹೊಗಳುತ್ತಿದ್ದಳೆಂದು ಈಗ ತಿಳಿಯುತ್ತದೆ. ಆಗ ನಾನು ಇನ್ನೂ ಒಂದು ಗೇಣು ಮೇಲೆ ಎತ್ತುತ್ತಿದ್ದೆ.

ಇಷ್ಟೆಲ್ಲ ನಿಂತಲ್ಲೇ ನನ್ನ ಕಣ್ಣ ಮುಂದೆ ಬಂತು. ನಾಗವ್ವ ಬೇರೆಯದನ್ನೇ ನೆನೆಸುತ್ತಿದ್ದಳು.

"ನಿಮಗ ನೆನಪಿರಲಿಕ್ಕಿಲ್ರಿ. ನನ್ನ ತಮ್ಮಗ ಮೈ ಸುಡಾಕತ್ತಿತ್ತು, ಮನ್ಯಾಗ ಹನಿ ನೀರಿರ್ಲಿಲ್ಲ. ಅವ್ವ, ನಾನು ಹೊತ್ತು ಹುಟ್ಟೂದಕ್ಕ ಬಂದು ಕೊಡ ಇಟ್ಟು ನಿಂತ್ವಿ. ನೀವು ಗೆಳತ್ಯಾರ ಜೋಡಿ ಕಟ್ಟಿ ಮ್ಯಾಲ ಆಣಿಕಲ್ಲ ಆಡಾಕತ್ತಿದ್ರಿ. ಅವ್ವ ನಾಕೈದು ಸಲ 'ತಾಯಿ, ಒಂದು ಬಿಂದಿಗಿ' ಅಂದ್ಲು. 'ಆಟ ಮುಗೀಲಿ ತಡಿ' ಅಂದ್ರಿ. ಹೊತ್ತು ನೆತ್ತಿ ಮ್ಯಾಲ ಬಂತ್ರಿ ಅಕ್ಕೋರ."

ನನಗೆ ನೆನಪಿರಲಿಲ್ಲ. ಆ ಆಟದಲ್ಲಿ ಗೆದ್ದದ್ದು ನೆನಪಿದೆ, ಕಲ್ಲುಗಳು ಕೈಗೆ ತಾಗಿದ ತಂಪು ನೆನಪಿದೆ. ಕೆಳಗೆ ಇಬ್ಬರು ನಿಂತದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ನನ್ನ ಬದುಕಿನಲ್ಲಿ ಬೇರೆ ಬಂದಿಲ್ಲ.

"ತಮ್ಮ?" ಎಂದು ಕೇಳಿದೆ.

"ಅವ ಉಳದ್ರಿ. ಕರಿಯಪ್ಪ ಅಲ್ರಿ, ಟ್ರ್ಯಾಕ್ಟರ್ ಹೊಡೀತಾನ, ದಿನಾ ನೋಡ್ತೀರಿ. ನಾ ಅದಕ್ಕ ಬಂದಿಲ್ಲ." ನಾಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಮೊಮ್ಮಗಳು ಸಾಲ್ಯಾಗ ಕುದರಿಗಲ್ಲಿನ ಮ್ಯಾಲ ನಿಬಂಧ ಬರದು ಪೆನ್ನು ಇನಾಮು ತಂದಾಳ. ನಿನ್ನಿ ಕೇಳಿದ್ಲು, 'ಯಮ್ಮಾ, ನೀ ಆ ಕುದುರಿ ನೋಡಿದ್ಯಾ' ಅಂತ. ನಾ ಏನ್ ಹೇಳ್ಲಿ? ನಮ್ಮವ್ವನ ಕಾಲು ನಿಂತ ಜಾಗಾದಾಗ ನೀವು ಕುದುರಿ ನಿಂದ್ರಸಾಕತ್ತೀರಿ. ನಮ್ಮವ್ವಗ ಫೋಟೋ ಇಲ್ಲ, ಗುರುತಿಲ್ಲ. ಆ ನಡುವಿನ ಕುಳಿ ಒಂದ ಆಕೀದು. ಅದನ್ನೂ ಕುದುರಿಗೆ ಕೊಡಬ್ಯಾಡ್ರಿ."

ಅಷ್ಟು ಹೇಳಿ ಎದ್ದು ಹೋದಳು. ಲೋಟದ ನೀರು ಇಟ್ಟ ಹಾಗೇ ಇತ್ತು. ಸೊಸೆ ಬಂದು "ಯಾಕ್ರೀ, ನೀರು ಕುಡೀದ ಹೋದ್ರು?" ಎಂದಳು.

ಚಪ್ಪಲಿ ಮೆಟ್ಟಿಕೊಂಡು ನೇರ ಪಂಚಾಯ್ತಿಗೆ ನಡೆದೆ. ಗೋಡೆಯ ಮುಂದೆ ಏಣಿ ಹಾಕಿಕೊಂಡು ಸವಣೂರಿನ ಪೇಂಟರ್ ಮೌಲಾಸಾಬ ಕುದುರೆಯ ಚಿತ್ರ ಬಿಡಿಸುತ್ತಿದ್ದ. ಬಿಳಿಯ ಕುದುರೆ, ಮುಂಗಾಲು ಎತ್ತಿ ನಿಂತಿತ್ತು. ಎಂಥ ಕುದುರೆ ಅಂತೀರಿ! ನನ್ನ ನಾಲ್ಕು ಪುಟದ ಸುಳ್ಳಿಗೆ ಇಷ್ಟು ಚಂದದ ಮೈ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಬಾಲ ಒಂದ ಉಳದೈತ್ರಿ ಅಕ್ಕೋರ" ಎಂದ ಮೇಲಿನಿಂದ.

"ಬಾಲ ಬ್ಯಾಡ. ಕುದುರೀನ ಬ್ಯಾಡ. ಇಳಿ ಮೌಲಾಸಾಬ."

ಅವನು ಕುಂಚ ಹಿಡಿದುಕೊಂಡೇ ಇಳಿದ. ಗಲಾಟೆ ಕೇಳಿ ಫಕ್ಕೀರಪ್ಪ ಹೊರಗೆ ಬಂದ. ನಾನು ಅಲ್ಲೇ, ಅಂಗಳದಲ್ಲಿ ನಿಂತು, ಕಲ್ಲು ಯಾರದು, ಕುಳಿ ಹೇಗಾದವು ಎಂದು ಒಂದೊಂದಾಗಿ ಹೇಳಿದೆ. ಕೈಯಲ್ಲಿ ಬಿಂದಿಗೆ ಹಿಡಿದವಳು ನಾನೇ ಎಂದೂ ಹೇಳಿದೆ. ರೇಷನ್ನಿಗೆ ಬಂದ ನಾಲ್ಕು ಮಂದಿ ಸುತ್ತ ಕೂಡಿದರು.

"ಅಕ್ಕೋರ, ಆಗಿದ್ದು ಆತು ಬಿಡ್ರಿ" ಎಂದು ಫಕ್ಕೀರಪ್ಪ ದನಿ ತಗ್ಗಿಸಿದ. "ಈಗ ಎಲ್ಲಾರ ಮನಿಗೂ ನಳ ಬಂದಾವು. ಇಂಥಾದ್ದು ಗ್ವಾಡಿ ಮ್ಯಾಲ ಬರದ್ರ ಊರ ಮಾನ ಹೋಗ್ತೈತ್ರಿ."

"ಅದು ಹೋಗಿ ಬಾಳ ದಿನಾತೋ ತಮ್ಮಾ. ಕುದುರಿ ಹತ್ತಿ ಹುಡಿಕ್ಯಾಡಿದ್ರೂ ಸಿಗೂದಿಲ್ಲ."

"ಇಷ್ಟು ವರ್ಷ ನೀವ ಕಲಿಸಿದ್ರಲ್ರಿ ನಮಗ? ಕಲ್ಲಿನ ಮುಂದ ನಿಂದ್ರಿಸಿ, ಬಾಯಿಪಾಠ ಮಾಡಿಸಿ? ಈಗ ಸುಳ್ಳು ಅಂತೀರಿ. ಜನ ನನ್ನ ಕೇಳ್ತಾರ, ನಾ ಏನ್ ಹೇಳ್ಲಿ?"

ಅವನ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಮೂರನೆಯ ಇಯತ್ತೆಯಲ್ಲಿ ಆ ಪಾಠ ಒಪ್ಪಿಸದ ದಿನ ನಾನು ಅವನ ಕಿವಿ ಹಿಂಡಿದ್ದೆ. ಕುದುರೆಯ ಬಣ್ಣ ಮರೆತಿದ್ದನೆಂದು!

"ಆ ಕುದುರಿ ಹುಟ್ಟಿಸಿದಾಕಿ ನಾನು" ಎಂದೆ. "ಅದು ಸುಳ್ಳು ಅಂತ ನನ್ನ ಹೆಸರು ಹಾಕಿ ಬರಸು. ಯಾರರ ಕೇಳಿದ್ರ ನನ್ನ ಮನಿಗೆ ಕಳಸು."

ಕೂಡಿದವರಲ್ಲಿ ಒಬ್ಬರು ಹೊರಟು ಹೋದರು, ಇನ್ನೊಬ್ಬರು "ಅಕ್ಕೋರಿಗೆ ವಯಸ್ಸಾತು" ಎಂದರು, ನನಗೆ ಕೇಳಲಿ ಎಂದೇ. ಕೊನೆಗೆ ಫಕ್ಕೀರಪ್ಪ "ಹೆಸರು ಹಾಕಸ್ತೇನ್ರಿ ಮತ್ತ. ಆಮ್ಯಾಲ ನನ್ನ ಅನಬ್ಯಾಡ್ರಿ" ಎಂದು ಒಳಗೆ ಹೋದ. ಮೌಲಾಸಾಬ ಸುಣ್ಣದ ಡಬ್ಬಿ ತಂದ. ಕುದುರೆಯ ಮುಖಕ್ಕೆ ಬಳಿಯುವ ಮುನ್ನ ಒಂದು ಗಳಿಗೆ ತಡೆದ, ಪಾಪ, ಕಣ್ಣು ಬಿಡಿಸಲು ಅರ್ಧ ದಿನ ಹಿಡಿದಿತ್ತಂತೆ.

ಈಗ ನಮ್ಮೂರ ಪಂಚಾಯ್ತಿಯ ಗೋಡೆಯ ಮೇಲೆ ಹೀಗಿದೆ: "ಅಗಸಿ ಬಾವಿಯ ಕಲ್ಲು. ಬಾವಿ ಮುಟ್ಟಲು ಬಿಡದ ಕಾಲದಲ್ಲಿ ಕೆಳಗಿನ ಓಣಿಯ ದುರಗವ್ವ ಮತ್ತು ಅವರಂಥ ಹೆಣ್ಣುಮಕ್ಕಳು ಇದರ ಮೇಲೆ ಕೊಡ ಇಟ್ಟು, ಮೇಲಿನವರು ಹೊಯ್ಯುವ ನೀರಿಗೆ ಕಾಯುತ್ತಿದ್ದರು. ಈ ಕುಳಿಗಳು ಅವರ ಕೊಡಗಳಿಂದ ಆದವು. ಇದನ್ನು ಕುದುರೆಗಲ್ಲು ಎಂದು ತಪ್ಪಾಗಿ ಬರೆದವರು ಗಿರಿಜವ್ವ, ನಿವೃತ್ತ ಶಿಕ್ಷಕಿ." ಊರಿನ ಇತಿಹಾಸದಲ್ಲಿ ಹೆಸರು ಬರಬೇಕೆಂದು ಹುರುಪಿನ ಕಾಲದಲ್ಲಿ ಆಸೆಪಟ್ಟಿದ್ದೆ, ಬಂತು ನೋಡಿರಿ. ಕಂಡಕ್ಟರ್ ಮಾತ್ರ ಇನ್ನೂ "ಕುದರಿಗಲ್ಲ ಇಳೀರಿ" ಎಂದೇ ಕೂಗುತ್ತಾನೆ. ಕೂಗಿದಾಗೆಲ್ಲ ಬಸ್ಸಿನಲ್ಲಿ ಕೆಲವರು ತಿರುಗಿ ನನ್ನ ಮುಖ ನೋಡುತ್ತಾರೆ.

ಬಣ್ಣ ಒಣಗಿದ ಮೇಲೆ ನಾಗವ್ವ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿ ಗಟ್ಟಿಯಾಗಿ ಓದಿತು. "ದುರಗವ್ವ" ಎನ್ನುವಲ್ಲಿ ನಾಗವ್ವ "ಇನ್ನೊಮ್ಮಿ ಓದು" ಎಂದಳು. ಹುಡುಗಿ ಇನ್ನೊಮ್ಮೆ ಓದಿತು. ಆಮೇಲೆ ಮೂವರೂ ಬಾವಿಯ ಹತ್ತಿರ ಹೋದೆವು. ಬಾವಿಗೆ ಈಗ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ನೀರೂ ಇಲ್ಲ. ನಾಗವ್ವ ಕುಕ್ಕರಗಾಲಲ್ಲಿ ಕೂತು ನಡುವಿನ ಕುಳಿಯಲ್ಲಿ ಅಂಗೈ ಇಟ್ಟಳು. ಕುಳಿಯಲ್ಲಿದ್ದ ಒಣಗಿದ ಎಲೆ, ಮಣ್ಣು ಎಲ್ಲ ತೆಗೆದು ಸೆರಗಿನಿಂದ ಒರೆಸಿದಳು. ಅವಳು ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ.

"ಒಂದು ಸಾಲು ಬರಸಿದ್ರಿ, ಚಲೋ ಆತ್ರಿ" ಎಂದಳು. "ಅವ್ವನ ನೀರಡಿಕಿ ಏನ್ ಅದರಿಂದ ಹೋಗೂದಿಲ್ಲ."

ಮನೆಯವರೆಗೆ ಬಾ ಎಂದು ಕರೆದೆ. ಮೊಮ್ಮಗಳು ಆಡಲು ಓಡಿತು, ನಾಗವ್ವ ಬಂದಳು. ಈ ಸಲ ಪಡಸಾಲೆಯ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ನಾನು ಚರಗಿ, ಲೋಟ ತಂದೆ. ಕೈ ಕೆಳಗೆ ತಂದು ಹೊಯ್ಯಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಕೇಳಿರಿ, ಅರವತ್ತು ವರ್ಷದ ರೂಢಿಯ ಕೈ, ಕೆಳಗೆ ತಂದರೆ ಗುರಿಯೇ ತಪ್ಪಿತು. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಜೀವಮಾನದಲ್ಲಿ ಮೊದಲ ಸಲ ನಾನು ನೀರು ಚೆಲ್ಲಿದೆ. ಲೋಟ ಪಕ್ಕಕ್ಕಿಟ್ಟು ಚರಗಿಯನ್ನೇ ಅವಳ ಕೈಗೆ ಕೊಟ್ಟೆ.

ನಾಗವ್ವ ಚರಗಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಇಣುಕಿದಳು. ಆಮೇಲೆ ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಮೇಲಕ್ಕೆತ್ತಿ ಧಾರೆ ಬಿಟ್ಟುಕೊಂಡಳು.

"ಕಚ್ಚಿ ಕುಡಿ ನಾಗವ್ವ" ಎಂದೆ.

ಅವಳು ಚರಗಿ ಇಳಿಸಿ ನನ್ನನ್ನು ನೋಡಿದಳು. ಈ ಸಲ ಅಂಚಿಗೆ ತುಟಿ ಹಚ್ಚಿ, ಅವಸರವಿಲ್ಲದೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ತಳದ ತನಕ ಕುಡಿದಳು. ಬರಿದಾದ ಚರಗಿಯನ್ನು ನನ್ನ ಮುಂದೆ ಇಟ್ಟಳು.

"ಇನ್ನೊಂದು ಚರಗಿ ತರ್ರಿ ಅಕ್ಕೋರ" ಎಂದಳು. "ಇದು ನಂದಾತು. ಅವ್ವಂದು ಇನ್ನೂ ಐತಲ್ರಿ."

ನಾನು ಎದ್ದು ತುಂಬಿಕೊಂಡು ಬರಲು ಒಳಗೆ ಹೋದೆ.